ಭೂಮಿಯ ಗೀಸರ್ ನಿಂತು ನಿಂತು ಚಿಮ್ಮುತ್ತದೆ. ಎನ್ಸಲಾಡಸ್‌ನ ಚಿಲುಮೆ ಏಕೆ ನಿಲ್ಲುವುದಿಲ್ಲ?

ಪ್ರಶ್ನೆ — ಗ್ರಹಗತಿ

ಶನಿಯ ಪುಟ್ಟ ಉಪಗ್ರಹ ಎನ್ಸಲಾಡಸ್‌ನ ದಕ್ಷಿಣ ಧ್ರುವದಿಂದ ನೀರಾವಿಯೂ ಹಿಮದ ಕಣಗಳೂ ಬಾಹ್ಯಾಕಾಶಕ್ಕೆ ಚಿಮ್ಮುತ್ತಿರುವುದನ್ನು ಕ್ಯಾಸಿನಿ ನೌಕೆ 2005ರಲ್ಲಿ ಪತ್ತೆ ಮಾಡಿತು. 2017ರ ಸೆಪ್ಟೆಂಬರ್‌ನಲ್ಲಿ ಆ ನೌಕೆ ಶನಿಯ ವಾತಾವರಣಕ್ಕೆ ಧುಮುಕಿ ಉರಿದುಹೋಗುವವರೆಗೂ, ನೋಡಿದಾಗಲೆಲ್ಲ ಆ ಚಿಲುಮೆಗಳು ಚಿಮ್ಮುತ್ತಲೇ ಇದ್ದವು. ಅನಂತರ ವೆಬ್ ದೂರದರ್ಶಕವು ಅತ್ತ ತಿರುಗಿದಾಗಲೂ ಅವು ನಿಂತಿರಲಿಲ್ಲ. ಸುಮಾರು 500 ಕಿಲೋಮೀಟರ್ ವ್ಯಾಸದ ಆ ಗೋಳದಿಂದ ಹೊರಟ ನೀರಾವಿ 9,600 ಕಿಲೋಮೀಟರಿಗೂ ಹೆಚ್ಚು ದೂರ ಚಾಚಿಕೊಂಡಿರುವುದು 2023ರಲ್ಲಿ ಪ್ರಕಟವಾಯಿತು.

ಇತ್ತ ಭೂಮಿಯಲ್ಲಿ, ನೆಲದೊಳಗಿಂದ ಬಿಸಿನೀರನ್ನು ಚಿಮ್ಮಿಸುವ ಗೀಸರ್‌ಗಳಲ್ಲಿ, ಅಮೆರಿಕದ ಯೆಲ್ಲೋಸ್ಟೋನ್‌ನ ಓಲ್ಡ್ ಫೇತ್‌ಫುಲ್ ಕೆಲವು ನಿಮಿಷ ಚಿಮ್ಮಿ, ಒಂದು ಒಂದೂವರೆ ಗಂಟೆ ಸುಮ್ಮನಿರುತ್ತದೆ. ಐಸ್‌ಲ್ಯಾಂಡ್‌ನ ಸ್ಟ್ರೋಕುರ್ ಆರರಿಂದ ಹತ್ತು ನಿಮಿಷಕ್ಕೊಮ್ಮೆ ಎದ್ದು ಬೀಳುತ್ತದೆ. ಒಂದಕ್ಕೆ ಬಿಡುವು ಬೇಕು, ಇನ್ನೊಂದಕ್ಕೆ ಬೇಡ ಎನ್ನುವುದಾದರೆ ಎರಡರ ಒಳಗಿನ ಕೆಲಸ ಒಂದೇ ಬಗೆಯದೇ? ಎರಡನೆಯ ಸಂದೇಹವೂ ಇದೆ. ಯೆಲ್ಲೋಸ್ಟೋನ್‌ನ ಕೆಳಗೆ ಶಿಲಾಪಾಕವಿದೆ, ಆದ್ದರಿಂದ ನೀರು ಕುದಿಯುವುದರಲ್ಲಿ ಆಶ್ಚರ್ಯವಿಲ್ಲ. ಮೇಲ್ಮೈ ಉಷ್ಣತೆ ಮೈನಸ್ 200 ಡಿಗ್ರಿ ಸೆಲ್ಸಿಯಸ್‌ನ ಆಸುಪಾಸಿನಲ್ಲಿರುವ, ನಮ್ಮ ಚಂದ್ರನ ಏಳನೇ ಒಂದು ಭಾಗದಷ್ಟೇ ಅಗಲವಿರುವ ಲೋಕದಲ್ಲಿ ಇದನ್ನೆಲ್ಲ ನಡೆಸುವ ಶಾಖ ಎಲ್ಲಿಂದ ಬರುತ್ತದೆ? ಗಣಿತ ಬಂದರೂ ಅಡ್ಡಿಯಿಲ್ಲ, ತುಸು ವಿವರವಾಗಿ ತಿಳಿಸಬೇಕೆಂದು ಕೋರುತ್ತೇನೆ.

ಉತ್ತರ — ಶಿಲಾಸ್ತರ

ಎನ್ಸಲಾಡಸ್‌ನ ವಿಷಯವನ್ನು ಬಲ್ಲವರು ಮುಂದೆ ಬರೆಯಲಿ. ಭೂಮಿಯ ಗೀಸರ್‌ಗಳಿಗೆ ಬಿಡುವು ಏಕೆ ಬೇಕು ಎಂಬುದನ್ನು ನಾನು ವಿವರಿಸುತ್ತೇನೆ, ಏಕೆಂದರೆ ಅದು ತಿಳಿದರೆ ನಿಮ್ಮ ಮೊದಲ ಪ್ರಶ್ನೆ ಅರ್ಧ ಬಗೆಹರಿದಂತೆ.

ನೀರು 100 ಡಿಗ್ರಿಗೆ ಕುದಿಯುತ್ತದೆ ಎನ್ನುವ ಮಾತು ಸಮುದ್ರಮಟ್ಟದ ಗಾಳಿಯ ಒತ್ತಡದಲ್ಲಿ ಮಾತ್ರ ನಿಜ. ಹತ್ತು ಮೀಟರ್ ಆಳದ ನೀರಿನ ಭಾರ ಸರಿಸುಮಾರು ಇನ್ನೊಂದು ವಾತಾವರಣದ ಒತ್ತಡಕ್ಕೆ ಸಮ. ಹೀಗಾಗಿ ಹತ್ತು ಮೀಟರ್ ಕೆಳಗಿರುವ ನೀರು ಸುಮಾರು 120 ಡಿಗ್ರಿಗೂ, ನೂರು ಮೀಟರ್ ಕೆಳಗಿರುವ ನೀರು ಸುಮಾರು 184 ಡಿಗ್ರಿಗೂ ಬರುವ ತನಕ ಕುದಿಯುವುದಿಲ್ಲ. ಅಗಲವಾದ ಕೊಳದಲ್ಲಾದರೆ ಕೆಳಗಿನ ಬಿಸಿನೀರು ಮೇಲೇರಿ ತಣಿದು ಕೆಳಗಿಳಿಯುತ್ತ, ಶಾಖವನ್ನು ಗಾಳಿಗೆ ಒಪ್ಪಿಸುತ್ತ ಇರುತ್ತದೆ. ಅದು ಬಿಸಿನೀರಿನ ಬುಗ್ಗೆಯಾಗುತ್ತದೆಯೇ ಹೊರತು ಗೀಸರ್ ಆಗುವುದಿಲ್ಲ. ಗೀಸರ್ ಆಗಬೇಕಾದರೆ ಕೊಳವೆ ಇಕ್ಕಟ್ಟಾಗಿರಬೇಕು. ಓಲ್ಡ್ ಫೇತ್‌ಫುಲ್‌ನ ಬಾಯಿಯೊಳಗೆ 1992ರಲ್ಲಿ ಕ್ಯಾಮೆರಾ ಇಳಿಬಿಟ್ಟು ನೋಡಿದಾಗ, ಸುಮಾರು ಏಳು ಮೀಟರ್ ಆಳದಲ್ಲಿ ಆ ಬಿರುಕಿನ ಅಗಲ ಕೇವಲ 11 ಸೆಂಟಿಮೀಟರ್‌ನಷ್ಟಿತ್ತು. ಕೊಳವೆ ಗಟ್ಟಿಯಾಗಿಯೂ ಇರಬೇಕು. ಸಿಲಿಕಾ ಹೇರಳವಾಗಿರುವ ರಯೋಲೈಟ್ ಶಿಲೆಯ ನಡುವೆ ಹಾದುಬರುವ ಬಿಸಿನೀರು ಆ ಸಿಲಿಕಾವನ್ನು ಕರಗಿಸಿ ತಂದು, ತಣಿಯುವಾಗ ಗೋಡೆಗಳಿಗೆ ಬಳಿಯುತ್ತ ಹೋಗುತ್ತದೆ. ಕೊಳವೆ ಸೋರದಂತೆ ತಾನೇ ಗಾರೆ ಹಾಕಿಕೊಳ್ಳುವ ಈ ವ್ಯವಸ್ಥೆ ಎಲ್ಲೆಡೆ ಕೂಡಿಬರುವುದಿಲ್ಲ. ಜಗತ್ತಿನಲ್ಲಿರುವ ಸುಮಾರು ಸಾವಿರ ಗೀಸರ್‌ಗಳಲ್ಲಿ ಅರ್ಧದಷ್ಟು ಯೆಲ್ಲೋಸ್ಟೋನ್ ಒಂದರಲ್ಲೇ ಇರುವುದಕ್ಕೆ ಇದೂ ಒಂದು ಕಾರಣ.

ಜರ್ಮನ್ ರಸಾಯನಶಾಸ್ತ್ರಜ್ಞ ರಾಬರ್ಟ್ ಬುನ್ಸೆನ್ 1846ರಲ್ಲಿ ಐಸ್‌ಲ್ಯಾಂಡ್‌ಗೆ ಹೋಗಿ, ಅಲ್ಲಿನ ದೊಡ್ಡ ಗೀಸರ್‌ನ ಕೊಳವೆಯೊಳಕ್ಕೆ ಉಷ್ಣಮಾಪಕಗಳನ್ನು ಇಳಿಬಿಟ್ಟು ಬೇರೆ ಬೇರೆ ಆಳಗಳಲ್ಲಿ ಅಳತೆ ತೆಗೆದರು. ಚಿಮ್ಮುವ ಮುನ್ನ ನೀರು ಎಲ್ಲ ಆಳಗಳಲ್ಲಿಯೂ ಆಯಾ ಒತ್ತಡದ ಕುದಿಬಿಂದುವಿಗಿಂತ ಕೊಂಚ ಕೆಳಗೇ ಇತ್ತು; ನಡು ಆಳದಲ್ಲಿ ಮಾತ್ರ ಕುದಿಬಿಂದುವಿಗೆ ತೀರ ಹತ್ತಿರ ಬಂದಿತ್ತು. ಅಲ್ಲಿನ ನೀರನ್ನು ಒಂದೆರಡು ಮೀಟರ್ ಮೇಲಕ್ಕೆ ತಳ್ಳಿದರೆ ಸಾಕು, ಉಷ್ಣತೆ ಹಾಗೆಯೇ ಇದ್ದು ಒತ್ತಡವಷ್ಟೇ ಇಳಿದು, ಅದು ಥಟ್ಟನೆ ಕುದಿಯತೊಡಗುತ್ತದೆ. ಹುಟ್ಟಿದ ಹಬೆ ಮೇಲಿನ ನೀರನ್ನು ಹೊರಚೆಲ್ಲುತ್ತದೆ, ಮೇಲಿನ ಭಾರ ಇಳಿದಷ್ಟೂ ಇನ್ನಷ್ಟು ಆಳದ ನೀರಿನ ಕುದಿಬಿಂದು ತಗ್ಗುತ್ತದೆ, ಅದೂ ಹಬೆಯಾಗುತ್ತದೆ. ನೀರು ಹಬೆಯಾದಾಗ ಸಮುದ್ರಮಟ್ಟದ ಒತ್ತಡದಲ್ಲಿ 1,600 ಪಟ್ಟಿಗಿಂತಲೂ ಹೆಚ್ಚು ಜಾಗ ಬೇಡುತ್ತದೆ. ಬಾಯಿಯಿಂದ ಚಿಮ್ಮುವ ಕಂಬ ಹುಟ್ಟುವುದು ಹೀಗೆ. ಬುನ್ಸೆನ್‌ರ ಅನಂತರ ವಿವರಗಳು ಬದಲಾಗಿವೆ; ಕೊಳವೆಯ ಪಕ್ಕದಲ್ಲಿ ಹಬೆ ಸಿಕ್ಕಿಕೊಳ್ಳುವ ಗುಹೆಗಳಿವೆ ಎಂದು ಇತ್ತೀಚಿನ ಕ್ಯಾಮೆರಾ ಶೋಧನೆಗಳು ತೋರಿಸಿವೆ. ಆದರೆ ಮೂಲ ತರ್ಕ ಹಾಗೆಯೇ ನಿಂತಿದೆ.

ಈಗ ಬಿಡುವಿನ ಮಾತು. ಕೊಳವೆ ಖಾಲಿಯಾದ ಮೇಲೆ ಸುತ್ತಲಿನ ಬಂಡೆಗಳಿಂದ ಹೊಸ ನೀರು ಬಂದು ತುಂಬಬೇಕು, ತುಂಬಿದ್ದು ಕಾಯಬೇಕು. ಓಲ್ಡ್ ಫೇತ್‌ಫುಲ್ ಎರಡೂವರೆ ನಿಮಿಷಕ್ಕಿಂತ ಕಡಿಮೆ ಹೊತ್ತು ಚಿಮ್ಮಿದರೆ ಮುಂದಿನ ಸರದಿ ಸುಮಾರು ಒಂದು ಗಂಟೆಗೇ ಬರುತ್ತದೆ, ಹೆಚ್ಚು ಹೊತ್ತು ಚಿಮ್ಮಿದರೆ ಒಂದೂವರೆ ಗಂಟೆಯಾದರೂ ಕಾಯಬೇಕಾಗುತ್ತದೆ. ಚಿಕ್ಕ ಉಗುಳಿನಲ್ಲಿ ಒಳಗೆ ಬಿಸಿನೀರು ಉಳಿದಿರುತ್ತದೆ ಎಂಬುದೇ ಇದರ ಗುಟ್ಟು. ನೀರಿನ ಪೂರೈಕೆಯೇ ನಿಂತರೆ ಗೀಸರ್ ಕೂಡ ನಿಲ್ಲುತ್ತದೆ. ಓಲ್ಡ್ ಫೇತ್‌ಫುಲ್‌ನ ದಿಬ್ಬದ ಮೇಲೆ ಸಿಲಿಕಾ ಕೂಡಿ ಕಲ್ಲಾದ ಮರದ ತುಂಡುಗಳು ಸಿಕ್ಕಿವೆ. ಅವುಗಳ ಕಾಲ 13 ಮತ್ತು 14ನೇ ಶತಮಾನ. ಬಿಸಿನೀರು ಸುರಿಯುವಲ್ಲಿ ಮರ ಬೆಳೆಯದು, ಆದ್ದರಿಂದ ದೀರ್ಘ ಬರಗಾಲದ ಆ ದಶಕಗಳಲ್ಲಿ ಅದು ಚಿಮ್ಮಿರಲಿಲ್ಲವೆಂದು ಸಂಶೋಧಕರು 2020ರಲ್ಲಿ ತೀರ್ಮಾನಿಸಿದರು. ನ್ಯೂಜಿಲೆಂಡ್‌ನ ವೈಮಾಂಗು ಗೀಸರ್ 1900ರ ಸುಮಾರಿಗೆ ಹುಟ್ಟಿ ಕೆಲವೊಮ್ಮೆ 400 ಮೀಟರಿಗೂ ಎತ್ತರ ಚಿಮ್ಮುತ್ತಿತ್ತು. ಹತ್ತಿರದಲ್ಲಿ ಭೂಕುಸಿತವಾಗಿ ಅಂತರ್ಜಲದ ಮಟ್ಟ ಬದಲಾದ ಮೇಲೆ 1904ರಲ್ಲಿ ಸ್ತಬ್ಧವಾಯಿತು.

ಕೊನೆಯದಾಗಿ ಒಂದು ಸುಳಿವು. ಭೂಮಿಯಲ್ಲಿಯೂ ಬಿಡುವಿಲ್ಲದೆ ಉಸಿರುಬಿಡುವ ಬಾಯಿಗಳಿವೆ. ಶಾಖ ಧಾರಾಳವಾಗಿದ್ದು ನೀರು ಅಲ್ಪವಾಗಿರುವೆಡೆ ಹಬೆಯ ರಂಧ್ರಗಳು ಹಗಲಿರುಳು ಬುಸುಗುಡುತ್ತಿರುತ್ತವೆ, ಏಕೆಂದರೆ ಅವುಗಳ ಬಾಯಿಗೆ ನೀರಿನ ಕಂಬ ಅಡ್ಡವಾಗಿ ನಿಂತಿರುವುದಿಲ್ಲ.

ಉತ್ತರ — ಹಿಮಸಾಗರ

ಶಿಲಾಸ್ತರ ಅವರು ಕೊಟ್ಟ ಸುಳಿವನ್ನೇ ಹಿಡಿದು ಮುಂದುವರಿಯುತ್ತೇನೆ. ಎನ್ಸಲಾಡಸ್ ತನ್ನ ಕೆಲಸದಲ್ಲಿ ಓಲ್ಡ್ ಫೇತ್‌ಫುಲ್‌ಗಿಂತ ಆ ಹಬೆಯ ರಂಧ್ರಕ್ಕೇ ಹೆಚ್ಚು ಹತ್ತಿರ.

ದಕ್ಷಿಣ ಧ್ರುವದಲ್ಲಿ ಒಂದಕ್ಕೊಂದು ಸಮಾನಾಂತರವಾಗಿ ನಾಲ್ಕು ದೊಡ್ಡ ಸೀಳುಗಳಿವೆ. ಹುಲಿಪಟ್ಟೆಗಳೆಂದು ಕರೆಸಿಕೊಳ್ಳುವ ಇವು ಒಂದೊಂದೂ ಸುಮಾರು 130 ಕಿಲೋಮೀಟರ್ ಉದ್ದ. ಇವುಗಳ ಉದ್ದಕ್ಕೂ ನೂರರಷ್ಟು ಪ್ರತ್ಯೇಕ ಧಾರೆಗಳನ್ನು ಕ್ಯಾಸಿನಿಯ ಚಿತ್ರಗಳಲ್ಲಿ ಗುರುತಿಸಲಾಗಿದೆ. ಹಿಮದ ಹೊದಿಕೆಯ ಕೆಳಗೆ ಇಡೀ ಗೋಳವನ್ನು ಸುತ್ತುವರಿದ ಉಪ್ಪುನೀರಿನ ಸಾಗರವಿದೆ. ಹಿಮ ನೀರಿಗಿಂತ ಹಗುರ, ಆದ್ದರಿಂದ ಸೀಳು ಸಾಗರದವರೆಗೂ ಇಳಿದಿದ್ದರೆ ನೀರು ಸೀಳಿನೊಳಗೆ ಹಿಮದ ದಪ್ಪದ ಹತ್ತರಲ್ಲಿ ಒಂಬತ್ತು ಪಾಲಿನವರೆಗೆ ತಾನಾಗಿಯೇ ಏರಿ ನಿಲ್ಲುತ್ತದೆ. ಮಿಕ್ಕ ಒಂದು ಪಾಲು ಬರಿದು, ಅದರಾಚೆ ನಿರ್ವಾತ. ಅಲ್ಲಿ ನೀರಿನ ಮೇಲ್ಮೈಯನ್ನು ಅದುಮಿ ಹಿಡಿಯುವ ಗಾಳಿಯೇ ಇಲ್ಲ. ಸೊನ್ನೆ ಡಿಗ್ರಿಯ ನೀರಿಗೂ ತನ್ನದೇ ಆದ ಆವಿಯ ಒತ್ತಡವಿದೆ. ಅದು ಭೂಮಿಯ ಗಾಳಿಯ ಒತ್ತಡದ ನೂರರವತ್ತನೇ ಒಂದು ಭಾಗದಷ್ಟು ಅಲ್ಪವಾದರೂ, ಎದುರಾಳಿಯಿಲ್ಲದ ಕಡೆ ಅಷ್ಟೇ ಸಾಕಾಗುತ್ತದೆ. ನೀರು ಕುದಿಯುತ್ತದೆ, ಆವಿ ಸೀಳಿನಲ್ಲಿ ಮೇಲೇರಿ ಸೆಕೆಂಡಿಗೆ ನೂರಾರು ಮೀಟರ್ ವೇಗದಲ್ಲಿ ಹೊರಬೀಳುತ್ತದೆ. ಅಲ್ಲಿನ ಗುರುತ್ವದ ಹಿಡಿತ ಬಿಡಿಸಿಕೊಳ್ಳಲು ಸೆಕೆಂಡಿಗೆ 240 ಮೀಟರ್ ವೇಗ ಸಾಕು, ಆದ್ದರಿಂದ ಆವಿಯ ಬಹುಪಾಲು ಹಿಂದಿರುಗುವುದೇ ಇಲ್ಲ. ನಿಧಾನವಾಗಿ ಹೊರಟ ಹಿಮಕಣಗಳು ಮತ್ತೆ ಬಿದ್ದು ನೆಲವನ್ನು ಬೆಳ್ಳಗಾಗಿಸುತ್ತವೆ. ತಪ್ಪಿಸಿಕೊಂಡವು ಶನಿಯ ಹೊರಗಿನ ‘ಇ’ (E) ಉಂಗುರಕ್ಕೆ ಸೇರುತ್ತವೆ.

ಇದು ಸಾಗರದ ನೀರೇ ಎನ್ನುವುದಕ್ಕೆ ಕಣಗಳಲ್ಲಿರುವ ಉಪ್ಪೇ ಸಾಕ್ಷಿ. ಹಿಮ ನೇರವಾಗಿ ಆವಿಯಾದರೆ ಉಪ್ಪು ಹಿಂದುಳಿಯುತ್ತದೆ, ಆವಿಯೊಡನೆ ಹೊರಡುವುದಿಲ್ಲ. ಇ ಉಂಗುರದ ಕಣಗಳಲ್ಲಿ ಸೋಡಿಯಂ ಲವಣಗಳಿವೆ ಎಂದು 2009ರಲ್ಲಿ ತಿಳಿದುಬಂದಿತು. ಅಂದರೆ ಕುದಿಯುವ ಮೇಲ್ಮೈಯಿಂದ ಸಿಡಿದ ಹನಿಗಳೇ ಹೆಪ್ಪುಗಟ್ಟಿ ಹೊರಬಂದಿವೆ. ಮುಂದೆ ಸಿಲಿಕಾದ ಸೂಕ್ಷ್ಮ ಕಣಗಳು, ಹೈಡ್ರೋಜನ್, ಫಾಸ್ಫೇಟ್‌ಗಳೂ ಪತ್ತೆಯಾದವು. ಸಿಲಿಕಾ ಕಣಗಳು ಆ ರೂಪದಲ್ಲಿ ಉಂಟಾಗಬೇಕಾದರೆ ಸಾಗರದ ತಳದಲ್ಲಿ ನೀರು 90 ಡಿಗ್ರಿಗಾದರೂ ಬಿಸಿಯಾಗಿರಬೇಕೆಂಬುದು 2015ರ ಅಧ್ಯಯನದ ವಾದ.

ಎನ್ಸಲಾಡಸ್‌ಗೆ ಬಿಡುವಿಲ್ಲದಿದ್ದರೂ ಲಯವಿದೆ ಎಂಬುದನ್ನು ಗ್ರಹಗತಿ ಅವರು ಗಮನಿಸಬೇಕು. ಅದು ಶನಿಯನ್ನು 33 ಗಂಟೆಗೊಮ್ಮೆ ಸುತ್ತುತ್ತದೆ. ಪಥ ಪೂರ್ಣ ವೃತ್ತವಲ್ಲದ ಕಾರಣ ಶನಿಯ ಸೆಳೆತ ಒಮ್ಮೆ ಹೆಚ್ಚಿ ಒಮ್ಮೆ ತಗ್ಗುತ್ತದೆ, ಸೀಳುಗಳು ಅದಕ್ಕೆ ತಕ್ಕಂತೆ ಬಿಗಿದು ಸಡಿಲವಾಗುತ್ತವೆ. ಶನಿಯಿಂದ ಅತಿ ದೂರದಲ್ಲಿರುವಾಗ ಧಾರೆಗಳು ಹಲವು ಪಟ್ಟು ಹೆಚ್ಚು ಪ್ರಕಾಶಮಾನವಾಗಿ ಕಾಣುತ್ತವೆ ಎಂದು 2013ರಲ್ಲಿ ಪ್ರಕಟವಾಯಿತು.

ಶಾಖದ ಮೂಲವೂ ಇದೇ ಹಿಗ್ಗು ಕುಗ್ಗು. ತಂತಿಯನ್ನು ಹಿಂದೆ ಮುಂದೆ ಬಾಗಿಸುತ್ತಿದ್ದರೆ ಬಾಗುವ ಜಾಗ ಬಿಸಿಯಾಗುವಂತೆ, ಸತತ ಮಿಡಿತದಿಂದ ಹಿಮವೂ ಒಳಗಿನ ಶಿಲೆಯೂ ಕಾಯುತ್ತವೆ. ತನ್ನಷ್ಟಕ್ಕೆ ಬಿಟ್ಟರೆ ಪಥ ಕ್ರಮೇಣ ವೃತ್ತವಾಗಿ ಈ ಮಿಡಿತ ನಿಂತುಹೋಗಬೇಕಿತ್ತು. ಆದರೆ ಎನ್ಸಲಾಡಸ್ ಎರಡು ಸುತ್ತು ಹಾಕುವಷ್ಟರಲ್ಲಿ ಡಯೋನಿ ಎಂಬ ಇನ್ನೊಂದು ಉಪಗ್ರಹ ಸರಿಯಾಗಿ ಒಂದು ಸುತ್ತು ಹಾಕುತ್ತದೆ. ಮತ್ತೆ ಮತ್ತೆ ಅದೇ ಜಾಗದಲ್ಲಿ ಸಿಗುವ ಅದರ ಸೆಳೆತ ಪಥವನ್ನು ವೃತ್ತವಾಗಲು ಬಿಡುವುದಿಲ್ಲ. ಶಾಖದ ಲೆಕ್ಕ ಇದರಿಂದ ಪೂರ್ತಿ ಹೊಂದುತ್ತದೆಯೇ ಎಂಬ ಚರ್ಚೆ ಬಹುಕಾಲದಿಂದ ನಡೆದಿದೆ. ತಿರುಳಿನ ಶಿಲೆ ಒತ್ತೊತ್ತಾಗಿರದೆ, ನೀರು ಹರಿದಾಡುವಷ್ಟು ಸಡಿಲವಾಗಿದ್ದರೆ ಸಾಕಷ್ಟು ಶಾಖ ಹುಟ್ಟಬಹುದೆಂಬುದು 2017ರಲ್ಲಿ ಬಂದ ಒಂದು ವಾದ. ನನಗೆ ಇದು ಉಳಿದ ವಿವರಣೆಗಳಿಗಿಂತ ಹೆಚ್ಚು ಒಪ್ಪಿಗೆಯಾಗುತ್ತದೆ, ಏಕೆಂದರೆ ತಳದ ಬಿಸಿನೀರಿಗೂ ಅದು ಕಾರಣ ಕೊಡುತ್ತದೆ.

ಉತ್ತರ — ಕುಲುಮೆ

ಮೇಲಿನ ಎರಡೂ ಉತ್ತರಗಳಲ್ಲಿ ಹುದುಗಿರುವ ಒಂದು ಅಂಶವನ್ನು ಬಿಡಿಸಿ ಹೇಳಬೇಕೆನಿಸುತ್ತದೆ. ಶಾಖ ಎಷ್ಟಿದೆ ಎಂಬುದರಷ್ಟೇ, ನನ್ನ ಅಭಿಪ್ರಾಯದಲ್ಲಿ ಅದಕ್ಕಿಂತಲೂ ಹೆಚ್ಚಾಗಿ, ಹೊರಗಿನ ಒತ್ತಡ ಎಷ್ಟಿದೆ ಎಂಬುದು ಚಿಮ್ಮುವಿಕೆಯನ್ನು ನಿರ್ಧರಿಸುತ್ತದೆ. ಇದು ನೀರಿಗೂ ಶಿಲಾಪಾಕಕ್ಕೂ ಸಮಾನವಾಗಿ ಅನ್ವಯಿಸುತ್ತದೆ.

ಪೆಸಿಫಿಕ್ ಸಾಗರದ ತಳದಲ್ಲಿ, ಎರಡೂವರೆ ಕಿಲೋಮೀಟರ್ ಆಳದಲ್ಲಿ, ಕಪ್ಪು ಹೊಗೆಯಂತೆ ಬಿಸಿನೀರನ್ನು ಉಗುಳುವ ಖನಿಜದ ಚಿಮಣಿಗಳು 1979ರಲ್ಲಿ ಕಂಡವು. ಅಲ್ಲಿನ ನೀರಿನ ಉಷ್ಣತೆ 350 ಡಿಗ್ರಿಯನ್ನು ಮೀರುತ್ತದೆ, ಆದರೂ ಅದು ಕುದಿಯುವುದಿಲ್ಲ. ಮೇಲಿರುವ ಸಾಗರದ ಒತ್ತಡ ಸುಮಾರು 250 ವಾತಾವರಣದಷ್ಟು. ಎನ್ಸಲಾಡಸ್‌ನ ಸೀಳಿನಲ್ಲಿ ಸೊನ್ನೆ ಡಿಗ್ರಿಯ ನೀರು ಕುದಿಯುತ್ತದೆ. ಇವೆರಡನ್ನು ಅಕ್ಕಪಕ್ಕದಲ್ಲಿಟ್ಟು ನೋಡಿದರೆ ವಿಷಯ ಸ್ಪಷ್ಟವಾಗುತ್ತದೆ. ಚಿಲಿಯ ಎಲ್ ತಾತಿಯೊ ಇವುಗಳ ನಡುವೆ ಬರುತ್ತದೆ: ಸಮುದ್ರಮಟ್ಟದಿಂದ 4,200 ಮೀಟರಿಗೂ ಎತ್ತರದಲ್ಲಿರುವ ಅಲ್ಲಿನ ಗೀಸರ್‌ಗಳ ನೀರು 86 ಡಿಗ್ರಿಗೇ ಕುದಿಯುತ್ತದೆ.

ಜ್ವಾಲಾಮುಖಿಗಳಿಗೆ ಬಂದರೆ, ಶಿಲಾಪಾಕದಲ್ಲಿ ನೀರೂ ಇಂಗಾಲದ ಡೈಆಕ್ಸೈಡೂ ಒತ್ತಡದ ಬಲದಿಂದ ಕರಗಿರುತ್ತವೆ. ಅದು ಮೇಲೇರಿದಂತೆ ಅನಿಲ ಗುಳ್ಳೆಗಳಾಗಿ ಬೇರ್ಪಡುತ್ತದೆ. ಹವಾಯಿಯ ಬಸಾಲ್ಟ್‌ನಂತೆ ತೆಳುವಾಗಿದ್ದರೆ ಗುಳ್ಳೆಗಳು ತಪ್ಪಿಸಿಕೊಂಡು ಲಾವಾ ಹರಿಯುತ್ತದೆ; ಜಿಗುಟಾಗಿದ್ದರೆ ಗುಳ್ಳೆಗಳು ಒಳಗೇ ಸಿಕ್ಕಿ, ಪಾಕವನ್ನೇ ಬೂದಿಯಾಗಿ ಛಿದ್ರಗೊಳಿಸುತ್ತವೆ. ಅಮೆರಿಕದ ಸೇಂಟ್ ಹೆಲೆನ್ಸ್ ಪರ್ವತದಲ್ಲಿ 1980ರ ಮೇ 18ರಂದು ಆದದ್ದು ಇದರ ಉಗ್ರರೂಪ. ಪಾಕದ ಒತ್ತಡಕ್ಕೆ ವಾರಗಟ್ಟಲೆ ಉಬ್ಬುತ್ತಿದ್ದ ಉತ್ತರದ ಪಾರ್ಶ್ವ ಭೂಕಂಪದೊಡನೆ ಜಾರಿ ಬಿತ್ತು. ಪಾಕದ ಮೇಲಿದ್ದ ಬಂಡೆಗಳ ಭಾರ ಕ್ಷಣಾರ್ಧದಲ್ಲಿ ಇಲ್ಲವಾಗಿ, ಸ್ಫೋಟ ಮೇಲ್ಮುಖವಾಗುವ ಮೊದಲೇ ಪಕ್ಕಕ್ಕೆ ನುಗ್ಗಿತು. 57 ಜನ ಸತ್ತರು. ಗೀಸರ್‌ನ ಬಾಯಿಯಿಂದ ಒಂದಿಷ್ಟು ನೀರು ಹೊರಚೆಲ್ಲಿ ಕೆಳಗಿನದು ಕುದಿಯುವುದಕ್ಕೂ ಇದಕ್ಕೂ ತತ್ತ್ವದಲ್ಲಿ ವ್ಯತ್ಯಾಸವಿಲ್ಲ.

ಶುಕ್ರನಲ್ಲಿ ಗಾಳಿಯ ಒತ್ತಡ ಭೂಮಿಯ ಸುಮಾರು 92 ಪಟ್ಟು. ಅಲ್ಲಿ ಅನಿಲ ಗುಳ್ಳೆಯಾಗುವುದೇ ಕಷ್ಟವಾದ್ದರಿಂದ ಸ್ಫೋಟಗಳು ವಿರಳವಾಗಿರಬೇಕು, ಲಾವಾ ಹರಿಯುವುದೇ ಹೆಚ್ಚು. ಆ ಗ್ರಹದ ಜ್ವಾಲಾಮುಖಿಗಳು ಇಂದಿಗೂ ಜೀವಂತವೆಂಬುದಕ್ಕೆ ಪುರಾವೆ ಸಿಕ್ಕಿದ್ದು ತೀರ ಈಚೆಗೆ: ಮೆಗೆಲನ್ ನೌಕೆಯ 1991ರ ರೇಡಾರ್ ಚಿತ್ರಗಳನ್ನು ಹೋಲಿಸಿ, ಮಾತ್ ಮಾನ್ಸ್ ಪರ್ವತದ ಬಳಿಯ ಒಂದು ಬಾಯಿ ಎಂಟು ತಿಂಗಳಲ್ಲಿ ಸುಮಾರು ಎರಡು ಚದರ ಕಿಲೋಮೀಟರಿನಿಂದ ನಾಲ್ಕಕ್ಕೆ ಹಿಗ್ಗಿತ್ತೆಂದು 2023ರಲ್ಲಿ ತೋರಿಸಲಾಯಿತು.

ಗುರುವಿನ ಉಪಗ್ರಹ ಐಯೊ ಇದಕ್ಕೆ ತದ್ವಿರುದ್ಧ, ಅಲ್ಲಿ ಗಾಳಿಯ ಒತ್ತಡ ಇಲ್ಲವೆನ್ನುವಷ್ಟು ಅಲ್ಪ. ಅದರ ಶಾಖದ ಮೂಲ ಎನ್ಸಲಾಡಸ್‌ನದೇ ಬಗೆಯದು, ಪ್ರಮಾಣ ಮಾತ್ರ ಬಹಳ ದೊಡ್ಡದು; ಚದರ ಮೀಟರಿಗೆ ಭೂಮಿಯ ಒಡಲು ಹೊರಬಿಡುವುದಕ್ಕಿಂತ ಇಪ್ಪತ್ತು ಪಟ್ಟಿಗೂ ಹೆಚ್ಚು ಶಾಖವನ್ನು ಐಯೊ ಹೊರಬಿಡುತ್ತದೆ. ಸ್ಟ್ಯಾನ್ಟನ್ ಪೀಲ್ ಮತ್ತು ಇಬ್ಬರು ಸಂಗಡಿಗರು ಐಯೊದ ಒಳಗು ಕರಗಿರಬೇಕೆಂದು ಲೆಕ್ಕ ಹಾಕಿ 1979ರ ಮಾರ್ಚ್ 2ರಂದು ಪ್ರಕಟಿಸಿದರು. ವಾಯೇಜರ್ 1 ಅಲ್ಲಿಗೆ ತಲುಪಿದ್ದು ಮಾರ್ಚ್ 5ರಂದು, ಲಿಂಡಾ ಮೊರಾಬಿಟೊ ಅದರ ಚಿತ್ರದ ಅಂಚಿನಲ್ಲಿ ಜ್ವಾಲಾಮುಖಿಯ ಛತ್ರಿಯಾಕಾರದ ಚಿಮ್ಮುಗೆಯನ್ನು ಗುರುತಿಸಿದ್ದು ಅದಾದ ಕೆಲವೇ ದಿನಗಳಲ್ಲಿ. ಮುನ್ಸೂಚನೆ ಇಷ್ಟು ಬೇಗ ಕಣ್ಣಿಗೆ ಬೀಳುವ ಭಾಗ್ಯ ವಿಜ್ಞಾನದಲ್ಲಿ ಎಲ್ಲರಿಗೂ ಸಿಗುವುದಿಲ್ಲ.

ಅಲ್ಲಿನ ಪೆಲೆ ಜ್ವಾಲಾಮುಖಿಯ ಚಿಮ್ಮುಗೆ 300 ಕಿಲೋಮೀಟರ್ ಎತ್ತರ ಮುಟ್ಟುತ್ತದೆ ಎಂದಾಗ ಅದರ ಶಕ್ತಿ ಭೂಮಿಯದಕ್ಕಿಂತ ನೂರು ಪಟ್ಟು ಎಂದು ಭಾವಿಸಬಾರದು. ಗುರುತ್ವ ಸೆಕೆಂಡಿನ ವರ್ಗಕ್ಕೆ 1.8 ಮೀಟರ್ ಇರುವಲ್ಲಿ 300 ಕಿಲೋಮೀಟರ್ ಏರಲು ಬೇಕಾದ ಆರಂಭಿಕ ವೇಗ ಸೆಕೆಂಡಿಗೆ ಸುಮಾರು ಒಂದು ಕಿಲೋಮೀಟರ್. ಅದೇ ವೇಗದಲ್ಲಿ ಎಸೆದ ಕಣ, ಗಾಳಿಯ ತಡೆಯನ್ನು ಕಡೆಗಣಿಸಿದರೂ, ಭೂಮಿಯಲ್ಲಿ 50 ಕಿಲೋಮೀಟರ್ ಏರಿ ಹಿಂದಿರುಗುತ್ತದೆ. ಗಾಳಿಯನ್ನು ಲೆಕ್ಕಕ್ಕೆ ಹಿಡಿದರೆ ಅಷ್ಟೂ ಇಲ್ಲ.

ಮರುಪ್ರಶ್ನೆ — ಗ್ರಹಗತಿ

ಮೂವರಿಗೂ ಧನ್ಯವಾದಗಳು. ಹಾಗಾದರೆ ನೆಪ್ಚೂನ್‌ನ ಉಪಗ್ರಹ ಟ್ರೈಟನ್‌ನ ಕಥೆಯೇನು? ಅದರ ಪಥ ಹೆಚ್ಚುಕಡಿಮೆ ಪೂರ್ಣ ವೃತ್ತವೆಂದು ಓದಿದ್ದೇನೆ, ಆದ್ದರಿಂದ ಈ ಮಿಡಿತದ ಶಾಖ ಅಲ್ಲಿ ಈಗ ಹೆಚ್ಚು ಇರಲಾರದು. ಆದರೂ ಅಲ್ಲಿ ಚಿಲುಮೆಗಳು ಕಂಡಿವೆಯಲ್ಲ?

ಉತ್ತರ — ಹಿಮಸಾಗರ

ನಿಮ್ಮ ತರ್ಕ ಸರಿಯಾಗಿದೆ. ವಾಯೇಜರ್ 2 ನೌಕೆ 1989ರ ಆಗಸ್ಟ್ 25ರಂದು ಟ್ರೈಟನ್‌ನ ಬಳಿ ಹಾದುಹೋದಾಗ, ಎಂಟು ಕಿಲೋಮೀಟರ್ ನೇರ ಮೇಲೇರಿ, ಅಲ್ಲಿಂದ ಗಾಳಿಗೆ ಸಿಕ್ಕಿ ನೂರಕ್ಕೂ ಹೆಚ್ಚು ಕಿಲೋಮೀಟರ್ ಅಡ್ಡಕ್ಕೆ ಹರಿದ ಕಪ್ಪು ಚಿಮ್ಮುಗೆಗಳು ಕಂಡವು. ಮೇಲ್ಮೈ ಉಷ್ಣತೆ ಮೈನಸ್ 235 ಡಿಗ್ರಿ. ಅಲ್ಲಿ ಚಿಮ್ಮುವುದು ನೀರಲ್ಲ, ನೈಟ್ರೋಜನ್. ಕಂಡ ಚಿಮ್ಮುಗೆಗಳೆಲ್ಲ ಆಗ ಬಿಸಿಲು ನೇರವಾಗಿ ಬೀಳುತ್ತಿದ್ದ ದಕ್ಷಿಣ ಅಕ್ಷಾಂಶಗಳ ಆಸುಪಾಸಿನಲ್ಲೇ ಇದ್ದುದರಿಂದ, ಸೂರ್ಯನೇ ಇವುಗಳ ಒಲೆ ಎಂಬ ಊಹೆ ಹುಟ್ಟಿತು. ಭೂಮಿಗೆ ಸಿಗುವ ಬಿಸಿಲಿನ ಒಂಬೈನೂರನೇ ಒಂದು ಭಾಗ ಮಾತ್ರ ಅಲ್ಲಿಗೆ ತಲುಪುತ್ತದೆ. ಅದು ಹೆಪ್ಪುಗಟ್ಟಿದ ನೈಟ್ರೋಜನ್‌ನ ಪಾರದರ್ಶಕ ಪದರವನ್ನು ದಾಟಿ, ಕೆಳಗಿನ ಕಪ್ಪು ವಸ್ತುವನ್ನು ಕಾಯಿಸುತ್ತದೆ. ನಾಲ್ಕು ಡಿಗ್ರಿ ಹೆಚ್ಚಾದರೆ ಸಾಕು, ಅಡಿಯಲ್ಲಿ ಆವಿಯಾದ ನೈಟ್ರೋಜನ್‌ನ ಒತ್ತಡ ಪದರದ ಸಂದಿನಿಂದ ಆ ಎತ್ತರಕ್ಕೆ ಚಿಮ್ಮಿಸಬಲ್ಲದು ಎಂಬ ಲೆಕ್ಕಾಚಾರವಿದೆ. ಕುಲುಮೆ ಅವರು ಹೇಳಿದ ಹೊರಗಿನ ಒತ್ತಡದ ಮಾತಿಗೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಹೊಳೆಯುವುದಿಲ್ಲ.

ಮಂಗಳನ ದಕ್ಷಿಣ ಧ್ರುವದಲ್ಲಿಯೂ ಪ್ರತಿ ವಸಂತದಲ್ಲಿ ಇಂಗಾಲದ ಡೈಆಕ್ಸೈಡ್ ಹಿಮದ ಅಡಿಯಿಂದ ಇದೇ ಬಗೆಯಲ್ಲಿ ಅನಿಲ ಚಿಮ್ಮುತ್ತದೆಂದು ತಿಳಿಯಲಾಗಿದೆ. ಅದು ಹೊತ್ತು ತಂದ ಧೂಳು ಬೀಸಣಿಗೆಯಾಕಾರದಲ್ಲಿ ಹರಡಿರುವುದೂ, ನೆಲದಲ್ಲಿ ಜೇಡನ ಕಾಲುಗಳಂಥ ಕೊರಕಲುಗಳು ಮೂಡಿರುವುದೂ ಕಕ್ಷೆಯಿಂದ ತೆಗೆದ ಚಿತ್ರಗಳಲ್ಲಿ ಕಾಣುತ್ತವೆ.

ಟ್ರೈಟನ್‌ನ ವಿಷಯದಲ್ಲಿ ಒಳಗಿನ ಶಾಖವೇ ಕಾರಣವೆನ್ನುವ ವಾದವೂ ಕೈಬಿಟ್ಟುಹೋಗಿಲ್ಲ. ನೆಪ್ಚೂನ್ ಸೂರ್ಯನನ್ನು ಒಮ್ಮೆ ಸುತ್ತಲು 165 ವರ್ಷ ಬೇಕು, ಅಲ್ಲಿನ ಒಂದೊಂದು ಋತುವೂ ನಾಲ್ಕು ದಶಕದಷ್ಟು ದೀರ್ಘ. ಬಿಸಿಲು ಬೇರೆ ಅಕ್ಷಾಂಶಕ್ಕೆ ಸರಿದಾಗ ಚಿಮ್ಮುಗೆಗಳೂ ಅದನ್ನು ಹಿಂಬಾಲಿಸಿದರೆ ಸೂರ್ಯನ ಪಕ್ಷ ಗೆಲ್ಲುತ್ತದೆ, ಇದ್ದಲ್ಲೇ ಇದ್ದರೆ ಒಳಗಿನ ಶಾಖದ ಪಕ್ಷ. ಅದನ್ನು ಹತ್ತಿರದಿಂದ ನೋಡಲು ವಾಯೇಜರ್ 2ರ ಅನಂತರ ಯಾವ ನೌಕೆಯೂ ಹೋಗಿಲ್ಲ.

ಉತ್ತರ — ಶಿಲಾಸ್ತರ

ಚಿಕ್ಕ ಸೇರ್ಪಡೆ. ಗುರುವಿನ ಇನ್ನೊಂದು ಉಪಗ್ರಹ ಯುರೋಪಾದಲ್ಲಿಯೂ ನೀರಾವಿ ಚಿಮ್ಮಿರಬಹುದೆಂದು ಹಬಲ್ ದೂರದರ್ಶಕದ 2012ರ ವೀಕ್ಷಣೆಗಳು ಸೂಚಿಸಿದ್ದವು, ಆದರೆ ಅದು ಎನ್ಸಲಾಡಸ್‌ನಂತೆ ಖಚಿತವಾಗಿಲ್ಲ. 2024ರ ಅಕ್ಟೋಬರ್ 14ರಂದು ಹೊರಟ ಯುರೋಪಾ ಕ್ಲಿಪ್ಪರ್ ನೌಕೆ 2030ರಲ್ಲಿ ಗುರುವನ್ನು ತಲುಪಬೇಕಿದೆ. ಅಲ್ಲಿನ ಹಿಮದ ಹೊದಿಕೆ ಎನ್ಸಲಾಡಸ್‌ನ ದಕ್ಷಿಣ ಧ್ರುವದ್ದಕ್ಕಿಂತ ದಪ್ಪವೆಂಬ ಅಂದಾಜಿದೆ, ಗುರುತ್ವವಂತೂ ಹನ್ನೊಂದು ಪಟ್ಟಿಗೂ ಹೆಚ್ಚು. ಆದ್ದರಿಂದ ಚಿಮ್ಮುಗೆಗಳು ಇದ್ದರೂ ಅವು ಗಿಡ್ಡವಾಗಿ, ಬಿಡುವು ಕೊಟ್ಟು ಬರುವಂಥವಾಗಿರಬಹುದೆಂದು ನನ್ನ ಊಹೆ.